ಮೇಲೆ ನೋಡುವ ಪಿನಿಯನ್

ಹನಿ ಮತ್ತೆ ಅದೇ ಜಾಗಕ್ಕೇ ಬಿತ್ತು, ಎಡ ಹುಬ್ಬಿನ ಮೇಲೆ, ತಣ್ಣಗೆ, ಜೀಪಿನ ಹೊಟ್ಟೆಗೆ ಮೆತ್ತಿದ ಹಿಮ ಕರಗುತ್ತಿದೆ, ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಓರೆ ಅಳೆಯುವ ಪುಟ್ಟ ಡಬ್ಬಿ, ಬೀಳಲಿ ಬಿಡು, ಈ ಮನೆಯಲ್ಲಿ ಈಗ ತನ್ನ ತಲೆಯ ಮೇಲೆ ಬೀಳದೇ ಇರುವುದಾದರೂ ಏನಿದೆ, ಎಂದುಕೊಂಡ ಕೋಲ್ಬೇನ್, ಬೆನ್ನಡಿಯ ಹಲಗೆ ಕಿರುಗುಟ್ಟಿತು, ಕಬ್ಬಿಣದ ಸಲಾಕೆ ಹಾಕಿದ ಬಲಗಾಲು ನೆಲದ ಥಂಡಿಯನ್ನು ಮೊದಲು ಕುಡಿಯುವುದು ತಾನೇ ಎಂಬಂತೆ ನೋಯತೊಡಗಿತು, ಗೋಡೆಯಾಚೆ ಅಡುಗೆಮನೆಯಲ್ಲಿ ಹೆಂಡತಿ ಸ್ವಾಲಾ ರೈ ಹಿಟ್ಟಿನ ರೊಟ್ಟಿ ಸುಡುತ್ತಿದ್ದಾಳೆ, ಸೀದ ಹಿಟ್ಟಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿದೆ, ಗುನುಗುತ್ತಿದ್ದಾಳೆ ಬೇರೆ — ಗಂಡನ ಗಾಡಿ ಜ್ವರ ಬಂದವರ ಹಾಗೆ ನಡುಗುತ್ತಿರುವಾಗ ಇವಳಿಗೆ ಹಾಡು ಎಲ್ಲಿಂದ ಬರುತ್ತದೆ, ತಮ್ಮ ಬರುತ್ತಾನಲ್ಲ, ಅದಕ್ಕೆ, ಊಟಕ್ಕೆ ಬೇರ್ಸಿ ಬರುತ್ತಾನೆ, ಶನಿವಾರದ ಹಿಮನದಿ ಸವಾರಿಯ ಮಾತಾಡಬೇಕಂತೆ, ಪ್ರತಿ ಚಳಿಗಾಲವೂ ಆ ಸವಾರಿಯಲ್ಲಿ ಮುಂದಿನ ಗಾಡಿ ಕೋಲ್ಬೇನನದು, ಬಿರುಕು ಎಲ್ಲಿದೆ, ಗಟ್ಟಿ ಎಲ್ಲಿದೆ ನೋಡುವವನು ಅವನು, ಉಳಿದವರು ಅವನ ಚಕ್ರದ ಗುರುತಿನಲ್ಲೇ ಬಾಯಿ ಮುಚ್ಚಿಕೊಂಡು ಬರಬೇಕು, ಈ ಸಲ ಮುಂದಿನ ಗಾಡಿ ಬೇರ್ಸಿಯದು, ಕಾಲು ಇನ್ನೂ ಕೂಡ್ಕೊಳ್ತಾ ಇದೆಯಲ್ಲ ಭಾವ, ನೀನು ಹಿಂದಿಂದ ಆರಾಮಾಗಿ ಬಾ, ಎಂದಿದ್ದ, ಆರಾಮಾಗಿ ಅಂತೆ, ಹೆಣದ ಪೆಟ್ಟಿಗೆಯಲ್ಲೂ ಆರಾಮಾಗಿಯೇ ಮಲಗುತ್ತಾರೆ, ಮುರಿದದ್ದು ತೊಡೆಯ ಮೂಳೆ, ಕಣ್ಣಲ್ಲ, ಬುದ್ಧಿಯಲ್ಲ, ಆದರೂ ಸೆಪ್ಟೆಂಬರಿನಲ್ಲಿ, ಬೇಸಿಗೆಯೆಲ್ಲ ಮೇಯಲು ಬಿಟ್ಟ ಕುರಿ ಇಳಿಸಲು ಗುಡ್ಡಕ್ಕೆ ಹೋದವನು ಸ್ಟ್ರೆಚರಿನ ಮೇಲೆ ವಾಪಸಾದ ದಿನದಿಂದ ಎಲ್ಲರೂ ತನ್ನೊಡನೆ ದನಿ ತಗ್ಗಿಸಿ ಮಾತಾಡುತ್ತಿದ್ದಾರೆ. ದನಿ ತಗ್ಗಿಸಿ ಮಾತಾಡುವವರನ್ನು ಕೋಲ್ಬೇನ್ ಎಂದೂ ನಂಬಿದವನಲ್ಲ.

ನಡುಕ ನಿಜ, ಅದನ್ನು ಯಾರೂ ಅಲ್ಲಗಳೆಯಲಾಗದು, ವೈದ್ಯರು ಓಡಿಸಬಹುದು ಎಂದ ಮರುದಿನವೇ ಸರೋವರದ ಪಕ್ಕದ ಡಾಂಬರು ರಸ್ತೆಗೆ ಇಳಿಸಿದ್ದ, ಎಪ್ಪತ್ತು ದಾಟುವವರೆಗೆ ಸಾಧು, ಎಂಬತ್ತಕ್ಕೆ ಬಂದದ್ದೇ ಸೀಟಿನಡಿ ಗುಂಯ್ ಎಂದು ಶುರು, ಮುಂದೆ ಇಟ್ಟಿದ್ದ ಕಾಫಿ ಲೋಟದಲ್ಲಿ — ಅಂಚು ಎದ್ದ ಬಿಳಿ ಎನಾಮೆಲ್ ಲೋಟ, ಮನೆಯಲ್ಲಿ ಇರುವುದೇ ಅದೊಂದು — ಬಳೆ ಬಳೆಯಾಗಿ ಅಲೆ ಎದ್ದು ಕಾಫಿ ಅಂಚಿನಿಂದ ಹೊರಗೆ ಜಿಗಿಯಿತು, ಬೇರ್ಸಿಯನ್ನು ಕೇಳಿದರೆ, ಎಂಥ ನಡುಕ, ನಿನ್ನ ಗಾಡೀನ ನಾನೇ ಗುಡ್ಡದ ಗುಡಿಸಲ ತನಕ ಓಡಿಸ್ಕೊಂಡು ಬಂದೆನಲ್ಲ, ಬೆಣ್ಣೆ ಹಾಗಿತ್ತು, ಎಂದ, ಓಡಿಸಿರುತ್ತಾನೆ, ಹಿಮದ ಮೇಲೆ, ನಮ್ಮವರೆಲ್ಲ ಮಾಡುವಂತೆ ಟೈರಿನ ಗಾಳಿ ಇಳಿಸಿ, ಚಪ್ಪಟೆ ಟೈರಿನಲ್ಲಿ ಮೆತ್ತನೆ ಹಿಮದ ಮೇಲೆ ಆಮೆಯಂತೆ ಹೋದರೆ ಯಾವ ಗುಜರಿಯೂ ಬೆಣ್ಣೆಯೇ, ಅದೂ ಒಂದು ಪರೀಕ್ಷೆಯೇ, ಒದ್ದೆ ಕಟ್ಟಿಗೆ ಮೂಸಿ ಒಲೆ ಚೆನ್ನಾಗಿದೆ ಎಂದ ಹಾಗೆ, ಆದರೆ ಬೇರ್ಸಿ ದಡ್ಡನಲ್ಲ, ದಡ್ಡನಲ್ಲದವನು ದಡ್ಡತನ ಮಾಡಿದರೆ ಅದರ ಹಿಂದೆ ಏನೋ ಇರುತ್ತದೆ, ಮುಂದಿನ ಆಕ್ಸೆಲ್ ಕೂರಿಸಿದವನು ಅವನೇ, ಕೋಲ್ಬೇನ್ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ಕೇಳದೆ, ಹೇಳದೆ, ನಿನಗೆ ಸಹಾಯ ಆಗಲಿ ಅಂತ ಭಾವ — ಕಳೆದ ಬೇಸಿಗೆ ಇಬ್ಬರೂ ಸೇರಿ ತಮ್ಮ ತಮ್ಮ ಜೀಪು ಎತ್ತರಿಸಿದ್ದರು, ಒಂದೇ ಕಂಪನಿಯದು, ಒಂದೇ ವರ್ಷದ್ದು, ಅವಳಿ ಗಾಡಿಗಳು, ಉದ್ದ ಸ್ಪ್ರಿಂಗು, ಎದೆಮಟ್ಟದ ಚಕ್ರ, ಬೇರ್ಸಿಯದು ಮುಗಿಯಿತು, ಕೋಲ್ಬೇನನದು ಹಿಂದೆ ಮುಗಿದು ಮುಂದೆ ಬಿಚ್ಚಿಟ್ಟಿತ್ತು, ಅಷ್ಟರಲ್ಲಿ ಕುರಿ ಇಳಿಸುವ ವಾರ ಬಂತು, ಮುಂಚಕ್ರವಿಲ್ಲದ ಜೀಪು ಇದೇ ಗ್ಯಾರೇಜಿನಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿತ್ತು, ಅವನು ನಡೆದುಕೊಂಡೇ ಗುಡ್ಡ ಹತ್ತಿದ್ದ. ಹಾಗಾಗಿ ಮೊದಲ ಅನುಮಾನ ಮುಂದಿನ ಆಕ್ಸೆಲ್ ಮೇಲೆ, ನಿನ್ನೆಯೆಲ್ಲ ಅದನ್ನೇ ನೋಡಿದ, ಒಂದು ನಟ್ಟು ಸಡಿಲವಿರಲಿಲ್ಲ, ಹಾಳಾದವನು ಅಚ್ಚುಕಟ್ಟಾಗಿಯೇ ಮಾಡಿದ್ದ.

ಇವತ್ತು ಹಿಂದಿನದು, ನಾಲ್ಕೂ ಚಕ್ರ ನೆಲದ ಮೇಲಿರಬೇಕು, ಗಾಡಿಯ ಭಾರ ಸ್ಪ್ರಿಂಗಿನ ಮೇಲಿರಬೇಕು, ನೇತುಹಾಕಿ ಅಳೆದ ಓರೆ ಓರೆಯಲ್ಲ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸೆಲ್‌ಗೆ ಇಳಿಯುವ ಜಾಯಿಂಟ್ ಶಾಫ್ಟ್, ಗಾಡಿ ತಗ್ಗಿದ್ದಾಗ ಅದು ಸುಮ್ಮನೆ ಮಲಗಿದ ಕೋಲು, ಗಾಡಿ ಎತ್ತಿದೆವೋ ಏಣಿಯಂತೆ ಕಡಿದಾಗುತ್ತದೆ, ಎರಡು ತುದಿಯ ಕೀಲುಗಳು, ಆ ಕ್ರಾಸುಗಳೂ ಮಡಿಚಿಕೊಳ್ಳುತ್ತವೆ, ಮಡಿಚಿದ ಕ್ರಾಸು ಸಮನಾಗಿ ತಿರುಗುವುದಿಲ್ಲ, ಒಂದೇ ಸುತ್ತಿನಲ್ಲಿ ಎರಡು ಸಲ ಓಡುತ್ತದೆ, ಎರಡು ಸಲ ನಿಧಾನಿಸುತ್ತದೆ, ಮೇಲಿನದು ಓಡಿದಾಗ ಕೆಳಗಿನದು ಎಳೆದು ಹಿಡಿಯಬೇಕು, ಗಂಡಹೆಂಡಿರ ಹಾಗೆ, ಅದಕ್ಕೆ ಎರಡರ ಮಡಿಕೆಯೂ ಒಂದೇ ಅಳತೆಯದಿರಬೇಕು, ಆದರೆ ಇಷ್ಟು ಎತ್ತರಕ್ಕೆ ಅದು ನಡೆಯುವುದಿಲ್ಲವೆಂದು ಇಬ್ಬರೂ ಜೋಡಿ ಕ್ರಾಸಿನ ಶಾಫ್ಟ್ ಮಾಡಿಸಿದ್ದರು, ಮೇಲಿನ ತುದಿಯಲ್ಲಿ ಬೆನ್ನಿಗೆ ಬೆನ್ನು ಎರಡು ಕ್ರಾಸು, ಅವು ತಮ್ಮ ಜಗಳ ತಾವೇ ಮುಗಿಸಿಕೊಳ್ಳುತ್ತವೆ, ಕೆಳಗಿನದಕ್ಕೆ ಮಡಿಕೆಯೇ ಬೇಡ, ಹಾಗಾಗಿ ಆಕ್ಸೆಲ್ ತಿರುಗಿಸಿ, ಶಾಫ್ಟಿನ ಕೆಳತುದಿ ಕಚ್ಚಿಕೊಳ್ಳುವ ಪಿನಿಯನ್ನಿನ ಮೂತಿಯನ್ನು ನೇರ ಶಾಫ್ಟಿನ ಕಡೆಗೇ ನೋಡುವಂತೆ ಎತ್ತಿ ಬೆಸುಗೆ ಹಾಕಿದ್ದ, ತಾನೇ, ಇದೇ ಕೈಯಿಂದ — ಡಬ್ಬಿ ಪಿನಿಯನ್ನಿಗೆ ಅಂಟಿತು, ಹದಿನೈದು, ಶಾಫ್ಟಿಗೆ ಅಂಟಿತು, ಹದಿನಾರು, ಸರಿ, ಆ ಒಂದು ಡಿಗ್ರಿ ಬೇಕೆಂದೇ ಬಿಟ್ಟದ್ದು, ಎಂಜಿನ್ ಎಳೆದಾಗ ಮೂತಿ ತಾನೇ ಅಷ್ಟು ಮೇಲೇಳುತ್ತದೆ, ಎಲ್ಲ ಇಟ್ಟ ಹಾಗೇ ಇದೆ, ಹಾಗಾದರೆ ನಡುಕ ಎಲ್ಲಿಯದು, ಟಾರ್ಚು ಮೇಲಕ್ಕೆ ಹೋಯಿತು, ಮೇಲಿನ ತುದಿಗೆ ಕೆಸರು ಕಟ್ಟಿ ಗಡ್ಡೆಯಾಗಿದೆ, ಬೆರಳಿನಿಂದ ಕೆರೆದ, ತುಂಡು ತುಂಡಾಗಿ ಮುಖದ ಮೇಲೆ ಬಿತ್ತು, ಉಗುಳಿದ, ಮತ್ತೆ ಕೆರೆದ, ಒಂದು ಕ್ರಾಸು ಕಂಡಿತು, ಇನ್ನೊಂದು, ಇನ್ನೊಂದು ಎಲ್ಲಿ, ಬೆರಳು ಸುತ್ತಲೂ ಹೋಯಿತು, ಇಲ್ಲ. ಒಂದೇ ಕ್ರಾಸು, ಅದರ ಓಟವನ್ನು ಎಳೆದು ಹಿಡಿಯುವವರಿಲ್ಲ, ನಡುಕ ಅದಕ್ಕೇ, ಹಳೆಯ ಶಾಫ್ಟ್, ಯಾರದೋ ಶೆಡ್ಡಿನ ಮೂಲೆಯಲ್ಲಿ ತುಕ್ಕು ತಿನ್ನುತ್ತಿದ್ದದ್ದು, ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆ.

ಅಂದರೆ ತೆಗೆದಿದ್ದಾರೆ, ತೆಗೆದು ಇದನ್ನು ತುರುಕಿದ್ದಾರೆ, ಪಿನಿಯನ್ ಪಾಪ ಇನ್ನೂ ಮೇಲೆ ನೋಡುತ್ತ ಕೂತಿದೆ, ಹೋದವನು ಬರುತ್ತಾನೆಂದು ಬಾಗಿಲು ಕಾಯುವ ನಾಯಿಯ ಹಾಗೆ, ಕೋಲ್ಬೇನನಿಗೆ ಮೈ ಉರಿಯಿತು, ಸಿಕ್ಕಿತು, ಸಿಕ್ಕಿತು ಬಾಲ, ಕುದಿಯುವ ಸಿಟ್ಟಿನ ಜೊತೆ ಒಂದು ಖುಷಿಯೂ ಬಂತು, ತನ್ನ ಅನುಮಾನ ಸುಳ್ಳಲ್ಲ, ಅವಳಿ ಗಾಡಿಯವನು ಯಾರು, ಅವನಿಗಲ್ಲದೆ ಈ ಶಾಫ್ಟ್ ಭೂಮಿಯ ಮೇಲೆ ಇನ್ಯಾರಿಗೆ ಸರಿಹೊಂದುತ್ತದೆ, ಮತ್ತೆ ಗ್ಯಾರೇಜಿನ ಕೀಲಿ, ಕೀಲಿ ನೇತಾಡುವುದು ಅಡುಗೆಮನೆಯ ಮೊಳೆಯಲ್ಲಿ, ಸ್ವಾಲಾಳ ಕಣ್ಣೆದುರು, ಅಕ್ಕ ಬಾಗಿಲು ತೆರೆದಳು, ತಮ್ಮ ಬಿಚ್ಚಿಕೊಂಡ, ಇನ್ನು ಇವನೆಲ್ಲಿ ಓಡಿಸ್ತಾನೆ ಬಿಡು ಎಂದುಕೊಂಡಿರುತ್ತಾರೆ, ಕಾಲು ಮುರಿದ ಕುದುರೆಯ ಜೀನು ಹಂಚಿಕೊಂಡ ಹಾಗೆ, ಮೊನ್ನೆಯಿಂದ ಅವಳು ಮಾತು ಮಾತಿಗೆ, ಬೇರ್ಸಿ ಬರಲಿ, ಅವನ ಹತ್ರ ಮಾತಾಡಿ ಆಮೇಲೆ ಜೀಪಿನ ಅಡಿ ಹೋಗು, ಎನ್ನುತ್ತಿದ್ದದ್ದು ಇದಕ್ಕೇ, ಅವಳ ಬೆರಳುಗಳು ನೆನಪಾದವು, ಆವತ್ತು, ಗುಡ್ಡದಿಂದ ತನ್ನನ್ನು ತರುವಾಗ, ಬೇರ್ಸಿಯ ಜೀಪಿನ ಹಿಂಭಾಗದಲ್ಲಿ, ಸೀಟು ಕಿತ್ತು ಮಲಗಿಸಿದ್ದರು, ಪಕ್ಕದಲ್ಲಿ ಸ್ವಾಲಾ, ಅವಳ ಉಗುರೆಲ್ಲ ಕಪ್ಪು, ಗ್ರೀಸಿನ ಕಪ್ಪು, ಗಿಣ್ಣಿನ ಚರ್ಮ ಕಿತ್ತಿತ್ತು, ಒಲೆಯ ಮಸಿ ಇರಬೇಕೆಂದು ಆಗ ಬಿಟ್ಟಿದ್ದ, ಮಸಿಯಂತೆ ಮಸಿ, ತಾನು ಗುಡ್ಡದ ಮೇಲೆ ಹಿಮಗಾಳಿಯಲ್ಲಿ ಹಲ್ಲು ಕಚ್ಚಿ ಬಿದ್ದಿದ್ದಾಗಲೇ ಇವಳ ಕೈ ತನ್ನ ಗಾಡಿಯೊಳಗಿತ್ತು, ಇರಲಿ, ಬರಲಿ ಅವನು, ಊಟದ ಮೇಜಿನ ಮೇಲೆ, ಹೊಗೆ ಹಾಕಿದ ಕುರಿಮಾಂಸದ ತಟ್ಟೆಯ ಪಕ್ಕದಲ್ಲೇ ಈ ಶಾಫ್ಟ್ ಇಟ್ಟು ಹೇಳುತ್ತೇನೆ, ಕಳ್ಳ, ಒಂದೇ ಪದ ಸಾಕು, ಇನ್ನೆಂದೂ ಈ ಹೊಸ್ತಿಲು ತುಳಿಯಬೇಡ, ಬೇಕಾದರೆ ನಿನ್ನ ಅಕ್ಕನನ್ನೂ ಕರೆದುಕೊಂಡು ಹೋಗು — ಹೇಳಿಯೇ ಹೇಳುತ್ತೇನೆ.

ಅಂಗಳದಲ್ಲಿ ಹಿಮ ಕರಕರ ಎಂದಿತು, ದೊಡ್ಡ ಟೈರು, ಬಂದ, ಎಂಜಿನ್ ನಿಂತಿತು, ಬಾಗಿಲು ಬಡಿಯಿತು, ಕೋಲ್ಬೇನ್ ಕಿವಿ ನಿಮಿರಿಸಿದ, ಏನೋ ಇರಬೇಕಾದದ್ದು ಇಲ್ಲ, ಆ ಕೂಗು ಇಲ್ಲ, ಆಗಸ್ಟಿನಲ್ಲಿ ಬೇರ್ಸಿಯ ಗಾಡಿ ಅಂಗಳಕ್ಕೆ ಬರುತ್ತಿದ್ದರೆ ಅಡಿಯಿಂದ ಕೀಂಯ್ ಕೀಂಯ್ ಎಂದು ಹಕ್ಕಿಮರಿಯ ದನಿ, ನಿನ್ನ ಜೋಡಿ ಕ್ರಾಸು ಒಣಗಿ ಸಾಯ್ತಾ ಇದೆ ಕಣೋ, ಗ್ರೀಸು ಕಾಣಿಸೋ, ಒಂದು ದಿನ ಮುರಿದು ಕೈಗೆ ಬರುತ್ತೆ, ಎಂದು ತಾನೇ ಗದರಿದ್ದ, ಏನೋ ಒಂದಾಗುತ್ತೆ ಬಿಡು ಭಾವ, ಅದು ಅವನ ವೇದವಾಕ್ಯ, ಮನೆಗೆ ಬೆಂಕಿ ಬಿದ್ದರೂ ಅದನ್ನೇ ಹೇಳುತ್ತಾನೆ, ನೋಡು, ಈಗ ಕೂಗಿಲ್ಲ, ತನ್ನ ಶಾಫ್ಟಿನ ಮೇಲೆ ತಿರುಗುತ್ತಿದ್ದಾನೆ, ಇನ್ನೇನು ಸಾಕ್ಷಿ ಬೇಕು, ಕೂಗು ನಿಂತದ್ದು ಯಾವಾಗ, ಕುರಿ ಇಳಿಸಲು ಹೊರಟ ಬೆಳಿಗ್ಗೆ ಊಟದ ಬುತ್ತಿ ತಂದುಕೊಟ್ಟನಲ್ಲ ಬೇರ್ಸಿ, ಆಗ ಕೂಗುತ್ತಿತ್ತು, ಆಚೆ ಮನೆಯ ನಾಯಿಯೂ ಅದಕ್ಕೆ ದನಿಗೂಡಿಸಿತ್ತು, ನಕ್ಕಿದ್ದರು, ಮತ್ತೆ ಮರುದಿನ ಸಂಜೆ, ಅದೇ ಗಾಡಿಯ ಹಿಂಭಾಗದಲ್ಲಿ ತಾನು ಮಲಗಿದ್ದಾಗ, ಕಲ್ಲು ದಾರಿ ಮುಗಿದು ಡಾಂಬರು ಬಂತು, ವೇಗ ಬಂತು, ಎಂಬತ್ತಲ್ಲ, ನೂರಿರಬೇಕು, ಬೇರ್ಸಿ ಹುಚ್ಚನಂತೆ ಓಡಿಸುತ್ತಿದ್ದ, ನೋವಿಗೆ ಕಣ್ಣು ಕತ್ತಲಿಡುತ್ತಿತ್ತು, ಲೋಟ ನೋಡು, ಲೋಟ ನೋಡ್ತಾ ಇರು, ಕಣ್ಣು ಮುಚ್ಬೇಡ, ಎಂದಳು ಸ್ವಾಲಾ, ಅವನ ತಲೆಯ ಹತ್ತಿರ ಅವಳು ಹಿಡಿದ ಎನಾಮೆಲ್ ಲೋಟದಲ್ಲಿ ನೀರು, ನೋಡಿದ, ಅಕುರೇರಿ ಪಟ್ಟಣದ ಆಸ್ಪತ್ರೆಯ ತನಕ ಅದನ್ನೇ ನೋಡಿದ, ಕೂಗಿಲ್ಲ, ಗುಂಯ್ ಇಲ್ಲ, ನೀರು — ಅಲ್ಲ, ತಾಳು, ತಾಳು, ಬೆಳಿಗ್ಗೆ ಕೂಗುತ್ತಿದ್ದ ಗಾಡಿ ಮರುದಿನ ಸಂಜೆ ಕೂಗಲಿಲ್ಲ, ಅಂದರೆ ನಡುವೆ, ಅಂದರೆ ಆವತ್ತೇ, ಕೋಲ್ಬೇನ್ ಬಿದ್ದಿದ್ದಾನೆ ಎಂದು ಫೋನು ಬಂದಾಗ, ರಕ್ಷಣಾ ದಳದ ಗಾಡಿಗಳು ಗುಡ್ಡದ ಆಚೆ ಬದಿಗೆ ಹೋಗಿದ್ದಾಗ, ಬೇರ್ಸಿ ಇದೇ ಅಂಗಳದಿಂದ ಹೊರಟು, ಮುರಿದು ಕೈಗೆ ಬಂದಿರಬೇಕು, ಒಳಗೆ ಮುಂಚಕ್ರವಿಲ್ಲದ ಅವಳಿ ಗಾಡಿ ನಿಂತಿದೆ, ಓಡಿಸಲಾಗದು, ಅದರ ಹೊಟ್ಟೆಯಡಿ ಹೊಸ ಶಾಫ್ಟ್ ನೇತಾಡುತ್ತಿದೆ, ಹಿಮಗಾಳಿ ಏಳುತ್ತಿದೆ, ಒಬ್ಬ ಆ ಗಾಡಿಯ ಅಡಿ, ಒಬ್ಬಳು ಈ ಗಾಡಿಯ ಅಡಿ, ಇದೇ ನೆಲದ ಮೇಲೆ, ಈ ಹಲಗೆಯ ಮೇಲೇ, ಸ್ಪ್ಯಾನರ್ ಜಾರಿ ಗಿಣ್ಣಿನ ಚರ್ಮ ಕಿತ್ತು. ಆಮೇಲೆ ಆಸ್ಪತ್ರೆಯಲ್ಲಿ ಅವಳು ಶುರುಮಾಡಿದ್ದಳಲ್ಲ, ಗ್ಯಾರೇಜಿನ ಕೀಲಿ ಬೇರ್ಸಿಗೆ ಕೊಟ್ಟೆ, ನಿನ್ನ ಜೀಪಿಂದ ಒಂದು, ಎನ್ನುವಷ್ಟರಲ್ಲಿ ಅವನು ಹಾಸಿಗೆಯಿಂದಲೇ ಅರಚಿದ್ದ, ನನ್ನ ಗಾಡಿ ಮುಟ್ಟಿದರೆ ಕೈ ಮುರಿತೀನಿ, ನಾನಿನ್ನೂ ಸತ್ತಿಲ್ಲ, ಅವಳು ಕಿಟಕಿಯತ್ತ ತಿರುಗಿ, ಇವತ್ತು ಗಾಳಿ ಉತ್ತರದ್ದು, ಎಂದಿದ್ದಳು.

ಗ್ಯಾರೇಜಿನ ಬಾಗಿಲು ತೆರೆಯಿತು, ಜೀಪಿನಡಿಯ ಬೆಳಕಿನಲ್ಲಿ ಹಿಮ ಮೆತ್ತಿದ ಬೂಟು ಒಂದು ಜೊತೆ, ಉಣ್ಣೆಯ ಕಾಲುಚೀಲ ಒಂದು ಜೊತೆ, ಎರಡೂ ಒತ್ತೊತ್ತಾಗಿ ನಿಂತವು, ಭಾವ, ಏನಾದ್ರೂ ಸಿಕ್ತಾ, ಎಂದ ಬೇರ್ಸಿ, ನೀನು ಸುಮ್ನಿರು ನಾನೇ ಹೇಳ್ತೀನಿ, ಎಂದಳು ಸ್ವಾಲಾ, ಕಳ್ಳ ಎಂಬ ಪದ ನಾಲಿಗೆಯ ತುದಿಗೆ ಬಂದು ಸಿದ್ಧವಾಗಿ ಕೂತಿತ್ತು, ಬಾಯಿ ತೆರೆದ, ಹುಬ್ಬಿನ ಮೇಲೆ ಹನಿ ಬಿತ್ತು, ಅವಳು ಬಗ್ಗಿದಳು, ಮೊದಲು ಕಾಫಿ ಕುಡಿ, ಆಮೇಲೆ ಬೈಯುವಿಯಂತೆ, ಚಕ್ರದ ಪಕ್ಕದಿಂದ ಲೋಟ ಒಳಗೆ ಬಂತು, ಲೋಟ ಹಿಡಿದ ಬೆರಳುಗಳಿಗೆ ರೈ ಹಿಟ್ಟು ಮೆತ್ತಿತ್ತು, ಗಿಣ್ಣಿನ ಮೇಲೆ ಹಳೆಯ ಗಾಯದ ಗುರುತು, ಕಾಫಿ ಅಲುಗಲಿಲ್ಲ, ಹಿಟ್ಟಲ್ಲ, ಅವನಿಗೆ ಹಿಟ್ಟು ಕಾಣಲಿಲ್ಲ, ಕಪ್ಪು, ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು, ಕಪ್ಪು ಬೆರಳು, ಬಿಳಿ ಲೋಟ, ಅಂಚಿನ ತನಕ ನೀರು, ನೂರರ ವೇಗದಲ್ಲಿ, ಅಲುಗದ ನೀರು, ಕಪ್ಪು ಬೆರಳು, ಅಲುಗದ ನೀರು