ಗಿಳಿ ಕೆತ್ತಿದ ಕಂಬ

ನ್ಯಾಮತಿಯ ಪೇಟೆ ಬೀದಿಯ ಹಿಂದೆ ಮಮತಾ ಹಳೆಯದೊಂದು ಹೆಂಚಿನ ಮನೆ ಕೊಂಡಾಗ, ಹೊನ್ನಾಳಿಯ ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದ ನರ್ಸುಗಳೆಲ್ಲ ಕೆಡವಿ ಆರ್‌ಸಿಸಿ ಹಾಕಿಸು ಅಂದಿದ್ದರು. ಅವಳು ಕೆಡವಲಿಲ್ಲ. ರಜೆ ಸಿಕ್ಕಾಗಲೆಲ್ಲ ಚನ್ನಗಿರಿಯ ಅಫ್ತಾಬನ ಅಂಗಡಿಗೆ ಹೋಗಿ ಹಳೆಯ ಸಾಮಾನು ಹುಡುಕಿದಳು. ಅಫ್ತಾಬ್ ಬಡಗಿ. ಕೆಡವಿದ ಮನೆಗಳ ಬಾಗಿಲು, ತೊಲೆ ತಂದು ಒಪ್ಪ ಮಾಡಿ ಮಾರುತ್ತಿದ್ದ. ಮುಚ್ಚಿಹೋದ ಟಾಕೀಸಿನ ಗೋಡೆ ಗಡಿಯಾರ, ಯಾವುದೋ ಹೋಟೆಲಿನ ಅಮೃತಶಿಲೆ ಮೇಜು ಹೀಗೆ ಒಂದೊಂದಾಗಿ ಅವಳ ನಡುಮನೆ ಸೇರಿದವು.

ಅಲ್ಲಿ ತೊಲೆ ಹೊತ್ತಿದ್ದ ಕಂಬವನ್ನು ಗೆದ್ದಲು ತಿಂದಿತ್ತು. ಬದಲಿಗೆ ಅಫ್ತಾಬ್ ಒಂದು ತೇಗದ ಕಂಬ ತಂದ. ಜಗಳೂರು ಕಡೆ, ಬಿಳಿಚೋಡಿನಾಚೆಯ ಹಳ್ಳಿಯೊಂದರ ಸಾಹುಕಾರರ ಮನೆಯದಂತೆ. ಸೊಂಟದೆತ್ತರಕ್ಕೆ ಸುತ್ತ ನಾಲ್ಕು ಗಿಳಿ, ಒಂದಕ್ಕೆ ಕೊಕ್ಕಿರಲಿಲ್ಲ. ಮೇಲೆ ದಪ್ಪನೆಯ ಕಬ್ಬಿಣದ ಬಳೆ.

"ಈ ಬಳೆ ಕಿತ್ತಾಕ್ಲೇನ್ರಿ ಸಿಸ್ಟರ್?"

"ಬ್ಯಾಡ ಬಿಡ್ರಿ. ಹೂವಿನ ಕುಂಡ ತೂಗಾಕೆ ಬರ್ತೈತೆ."

ಕಂಬ ನಿಲ್ಲಿಸಿದ ಮರುದಿನ ಬೆಳಿಗ್ಗೆ ಗೋವಿನಕೋವಿಯಿಂದ ಅವಳ ಅವ್ವ ಕರಿಬಸಮ್ಮ ಬಂದಳು. ಅರವತ್ತರ ಹತ್ತಿರದ ಹೆಂಗಸು, ಈಗಲೂ ಕೂಲಿಗೆ ಹೋಗುವ ಗಟ್ಟಿ ಮೈ. ಅವರೆಕಾಯಿ ಚೀಲ ಹಿಡಿದು ಹೊಸಿಲು ದಾಟಿದವಳು ಅಲ್ಲೇ ನಿಂತಳು. ಚೀಲ ಕೆಳಗಿಟ್ಟು, ಕಂಬದ ಹತ್ತಿರ ಹೋಗಿ, ಕೊಕ್ಕಿಲ್ಲದ ಗಿಳಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಬಳೆ ಮುಟ್ಟಿದಳು.

"ಎಲ್ಲಿಂದ ಬಂತೇ ಇದು?"

"ನಿನ್ನ ತವರು ಕಡೇದೇ ಕಣವ್ವ. ಚೆಂದ ಐತಲ್ಲ?"

ಕರಿಬಸಮ್ಮ, ಕಿಟಕಿ ಸರಿಮಾಡುತ್ತಿದ್ದ ಅಫ್ತಾಬನ ಪಕ್ಕದಿಂದ ಕೊಡಲಿ ಎತ್ತಿಕೊಂಡು ಬಂದು ಕಂಬಕ್ಕೆ ಬೀಸಿದಳು.

ಮೊದಲ ಏಟಿಗೇ ಗಿಳಿಯ ತಲೆ ಹಾರಿತು. ಅವ್ವನಿಗೆ ತಲೆ ಕೆಟ್ಟಿತೇ ಎಂದು ಮಮತಾ ಓಡಿಬಂದು ಹಿಂದಿನಿಂದ ತಬ್ಬಿದಳು. ಕರಿಬಸಮ್ಮ ತಿರುಗಿ ನೋಡದೆ ಮೊಣಕೈಯಿಂದ ತಿವಿದಳು. ಮಮತಾಳ ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ಅಫ್ತಾಬ್ ಕೊಡಲಿಯ ಕಾವಿಗೆ ಕೈ ಹಾಕಿದ. ಕರಿಬಸಮ್ಮ ಅದನ್ನು ಕಿತ್ತುಕೊಂಡು ಹಿಂದಕ್ಕೆ ಎತ್ತಿದ ರಭಸಕ್ಕೆ ಕೊಡಲಿಯ ಹಿಂಬದಿ ಅವನ ಹೆಗಲಿಗೆ ಬಡಿಯಿತು. ಎಲುಬು ಮುರಿದ ಸದ್ದು ಮಮತಾಳಿಗೂ ಕೇಳಿಸಿತು. ಅವನು ಮೇಜಿನ ಮೇಲೆ ಬಿದ್ದ, ಮೇಜಿನ ಕಲ್ಲು ಎರಡು ಹೋಳಾಯಿತು.

"ನಮ್ಮಣ್ಣನ್ನ ಇದಕ್ಕೇ ಕಟ್ಟಿದ್ರು," ಎಂದಳು ಕರಿಬಸಮ್ಮ, ಮತ್ತೆ ಬೀಸುತ್ತ. "ಈ ಬಳೆಗೇ ಕೈ ಕಟ್ಟಿದ್ರು."

ತನಗೊಬ್ಬ ಸೋದರಮಾವ ಇದ್ದನೆಂದು ಮಮತಾಳಿಗೆ ಗೊತ್ತಾದದ್ದೇ ಆಗ.

"ಸಾಹುಕಾರ್ರ ಸತ್ತ ಎತ್ತು ಎಳೆಯಾಕೆ ನಾನು ಬರಲ್ಲ ಅಂದಿದ್ದ. ಅಷ್ಟೇ ಕಣೇ ಅವ್ನು ಅಂದಿದ್ದು."

ಒಂದೊಂದು ಏಟಿಗೆ ಒಂದೊಂದು ಮಾತು ಬಂತು. ಅಣ್ಣನಿಗೆ ಹದಿನೇಳು. ಸಾಹುಕಾರನ ಮಕ್ಕಳು ಬೆನ್ನಿನ ಚರ್ಮ ಏಳುವ ತನಕ ಬಾರುಕೋಲಿನಿಂದ ಬಾರಿಸಿದರು. ಆಮೇಲೆ ಒನಕೆ ತಂದು ಎರಡೂ ಮೊಣಕಾಲು ಜಜ್ಜಿದರು. ಹನ್ನೊಂದು ವರ್ಷದ ಕರಿಬಸಮ್ಮ ಓಡಿಹೋಗಿ ಒಬ್ಬನ ಕೈ ಕಚ್ಚಿದಳು. ಅವನು ಅವಳ ಜಡೆ ಹಿಡಿದು ಮುಖವನ್ನು ಕಂಬಕ್ಕೆ ಅಪ್ಪಳಿಸಿದ. ಗಿಳಿಯ ಕೊಕ್ಕು, ಅವಳ ಮುಂದಿನ ಎರಡು ಹಲ್ಲು ಒಟ್ಟಿಗೇ ಹೋದವು. ಬಾವಿಯ ಮೆಟ್ಟಿಲ ಮೇಲೆ ಬಿದ್ದು ಹಲ್ಲು ಹೋಯಿತು ಎಂದೇ ಮಮತಾ ಚಿಕ್ಕಂದಿನಿಂದ ನಂಬಿದ್ದಳು. ಅಣ್ಣ ಮೂರನೆಯ ದಿನ ಸತ್ತ. ಯಾರೂ ಠಾಣೆಗೆ ಹೋಗಲಿಲ್ಲ.

ಕಂಬ ನಿಲ್ಲಿಸಿ ಒಂದೇ ದಿನವಾಗಿತ್ತು. ತೊಲೆಯ ಕೆಳಗೆ ಹೊಡೆದ ಬೆಣೆ ಇನ್ನೂ ಕೂತಿರಲಿಲ್ಲ. ಅದು ಸಿಡಿದು ಬಿತ್ತು, ತೊಲೆ ನರಳಿತು.

"ಸಿಸ್ಟರ್, ಹೊರಗೆ!" ಎಂದು ಅಫ್ತಾಬ್ ಕೂಗಿದ.

ಮಮತಾ ಅವ್ವನ ಸೆರಗು, ಕೂದಲು, ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆದಳು. ಕರಿಬಸಮ್ಮ ಕೊಡಲಿ ಬಿಡದೆ ಒದೆಯುತ್ತಿದ್ದಳು. ಮೂವರೂ ಅಂಗಳಕ್ಕೆ ಬೀಳುವುದಕ್ಕೂ ತೊಲೆ, ಹೆಂಚು, ನೂರು ವರ್ಷದ ಧೂಳು ಒಂದೇ ಸಲ ಕೆಳಗೆ ಬರುವುದಕ್ಕೂ ಸರಿಹೋಯಿತು. ಟಾಕೀಸಿನ ಗಡಿಯಾರ ಅಡಿಯಲ್ಲಿ ನುಚ್ಚುನೂರಾಯಿತು.

ಆಗ ಮಮತಾ ಅವ್ವನ ಕೆನ್ನೆಗೆ ಹೊಡೆದಳು.

"ಮೊದ್ಲೇ ಹೇಳಿದ್ರೆ ನಾನು ಇದನ್ನ ಮನೇಗೆ ತರ್ತಿದ್ನಾ? ಯಾಕೆ ಹೇಳ್ಲಿಲ್ಲ ನನಗೆ? ಯಾಕೆ ಹೇಳ್ಲಿಲ್ಲ?"

"ಹೊಡಿ," ಎಂದಳು ಕರಿಬಸಮ್ಮ. "ಹೇಳಾಕೆ ಬಾಯೇ ಬರ್ಲಿಲ್ಲ. ಇನ್ನೊಂದು ಹೊಡಿ."

ಎತ್ತಿದ ಕೈ ಮಮತಾಳಿಗೆ ತನ್ನದೇ ಅನ್ನಿಸಲಿಲ್ಲ. ಅದನ್ನು ಇಳಿಸಿ, ವೇಲಿನಿಂದ ಅಫ್ತಾಬನ ತೋಳನ್ನು ಎದೆಗೆ ಕಟ್ಟಿ, ಆಟೋ ಕರೆದಳು. ಏನಾಯಿತೆಂದು ಡಾಕ್ಟರು ಕೇಳಿದಾಗ ಅವನು ಹೆಂಚು ಬಿತ್ತು ಅಂದ.

ಕರಿಬಸಮ್ಮ ಊರಿಗೆ ಹಿಂದಿರುಗಲಿಲ್ಲ. ಕುಸಿದ ನಡುಮನೆಯಿಂದ ಕಂಬವನ್ನು ತಾನೇ ಹಿತ್ತಿಲಿಗೆ ಎಳೆದು, ಸೀಳಿ, ಎರಡು ದಿನ ಸುಟ್ಟಳು. ಮಗಳ ಜೊತೆ ಮಾತಿಲ್ಲ. ಎಂಟನೆಯ ದಿನ ಚನ್ನಗಿರಿಗೆ ಕರೆದುಕೊಂಡು ಹೋಗು ಅಂದಳು.

ಅಫ್ತಾಬನ ತಾಯಿ ಖಮರುನ್ನೀಸಾ ಅವಳನ್ನು ಬಾಗಿಲಲ್ಲೇ ತಡೆದಳು.

"ನನ್ನ ಮಗ ನಿನಗೇನು ಮಾಡಿದ್ನಮ್ಮ? ಎರಡು ತಿಂಗ್ಳು ಉಳಿ ಹಿಡಿಯಂಗಿಲ್ಲ ಅವ್ನು! ಅನ್ನ ಕಲಸಾಕೂ ನಾನೇ ಆಗ್ಬೇಕು. ಸಿಟ್ಟಿದ್ರೆ ಹೊಡೆದವ್ರ ಮನೇಗೆ ಹೋಗಿ ತೀರಿಸ್ಬೇಕಿತ್ತು!"

"ಅಮ್ಮೀ, ಸಾಕು," ಎಂದು ಒಳಗಿಂದ ಅಫ್ತಾಬ್ ಕೂಗಿದ.

ಅವಳು ಸಾಕು ಮಾಡಲಿಲ್ಲ. ಬೀದಿಯವರೆಲ್ಲ ಕೇಳುವಂತೆ ಬೈದಳು. ಕರಿಬಸಮ್ಮ ತಲೆ ತಗ್ಗಿಸಿಕೊಂಡು ನಿಂತೇ ಇದ್ದಳು. "ತಪ್ಪಾತು ತಾಯಿ" ಎಂಬುದು ಬಿಟ್ಟರೆ ಬೇರೆ ಮಾತಿಲ್ಲ. ಉಸಿರು ಸೋತ ಮೇಲೆ ಖಮರುನ್ನೀಸಾ ಹೊಸಿಲ ಮೇಲೆ ಕೂತು ಮುಖ ಒರೆಸಿಕೊಂಡಳು.

"ನಿನ್ನಣ್ಣನ ಹೆಸ್ರೇನು?"

ಎಂಟು ದಿನದಲ್ಲಿ ಮಮತಾ ಅದನ್ನು ಕೇಳಿರಲಿಲ್ಲ.

"ಮಾರಪ್ಪ," ಎಂದಳು ಕರಿಬಸಮ್ಮ. "ಚೆನ್ನಾಗಿ ಈಜ್ತಿದ್ದ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಕೆರೆ ದಾಟೋನು."

ಖಮರುನ್ನೀಸಾ ಹೊಸಿಲ ಮೇಲೆ ಸರಿದು ಅವಳಿಗೆ ಜಾಗ ಮಾಡಿದಳು. ಕರಿಬಸಮ್ಮ ಕೂತಳು. ಕೆರೆ ಎಷ್ಟು ದೊಡ್ಡದಿತ್ತು ಎಂದು ಮಮತಾ ಕೇಳಿದಳು.