ಮಣ್ಣು ತಿನ್ನದ ಬಟ್ಟೆ

ಏಳನೆಯ ಬಟ್ಟೆಯನ್ನು ಮೂರನೆಯ ಸಲ ನೀರಿಗದ್ದಿ ಎತ್ತಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚನ್ನು ಮೆಲ್ಲಗೆ ಉಜ್ಜಿದಂತೆ ಕೆಸರಿನಡಿಯಿಂದ ಬಿಳುಪು ಹೊರಬಂತು. ಹೂಳುವ ಮುಂಚೆ ನಾನೇ ಇಸ್ತ್ರಿ ಮಾಡಿ ಮೂಡಿಸಿದ್ದ ಮಡಿಕೆಯ ಗೆರೆ ನಟ್ಟನಡುವೆ ಹಾಗೆಯೇ ಇತ್ತು.

ಎರಡು ತಿಂಗಳು ನೆಲದೊಳಗಿದ್ದ ಹತ್ತಿ ಬಟ್ಟೆಯಲ್ಲಿ ಇಸ್ತ್ರಿಯ ಗೆರೆ ಉಳಿಯಬಾರದು.

ನಾನು ಚಿತ್ರ ಬರೆಯುವುದಿಲ್ಲ. ಊರಿನ ಹನ್ನೆರಡು ಕಡೆ ಗೇಣಗಲದ ಬಟ್ಟೆ ಹೂತು, ಉಳಿದದ್ದನ್ನು ಅಗೆದು ತೆಗೆದು ಗೋಡೆಗೆ ಹಾಕುತ್ತೇನೆ. ಜೀವವಿರುವ ಮಣ್ಣು ಹತ್ತಿಯನ್ನು ತಿನ್ನುತ್ತದೆ; ಅದು ತಿಂದುಬಿಟ್ಟ ತೂತುಗಳೇ ಚಿತ್ರ. ಈ ಸಲ ಒಂದು ಎಡವಟ್ಟು ಮಾಡಿಕೊಂಡಿದ್ದೆ. ಬಟ್ಟೆಗಳ ಮೇಲೆ ಅಂಕಿ ಹೊಲಿಯಲು ಹತ್ತಿ ದಾರದ ಬದಲು ಪಾಲಿಯೆಸ್ಟರ್ ದಾರ ತೆಗೆದುಕೊಂಡಿದ್ದೆ. ಅದನ್ನು ಯಾವ ಹುಳುವೂ ಮುಟ್ಟುವುದಿಲ್ಲ. ಉದ್ಯಾನದಲ್ಲಿ ಮೂರನೆಯದನ್ನು ಅಗೆದಾಗ ಬಟ್ಟೆಯೇ ಇರಲಿಲ್ಲ. ಹಿಡಿ ಮಣ್ಣಿನಲ್ಲಿ ಕೆಂಪು ದಾರದಲ್ಲಿ ಹೊಲಿದ ಮೂರರ ಅಂಕಿ ಮಾತ್ರ ಸುರುಟಿಕೊಂಡು ಮಲಗಿತ್ತು.

ಖಾಲಿ ಚೌಕಟ್ಟುಗಳನ್ನು ಪ್ರದರ್ಶನದ ಹಾಲ್‌ಗೆ ಒಯ್ಯಲು ಬಂದ ಬಡಗಿ ಅದನ್ನು ನೋಡಿ ನಕ್ಕ. “ಏನ್ ಮೇಡಂ, ಇಷ್ಟು ದೊಡ್ಡ ಚೌಕಟ್ಟು ಮಾಡಿಸ್ಕೊಂಡು ಒಂದೆಳೆ ದಾರ ತೂಗಾಕ್ತೀರಾ?” ಆಮೇಲೆ ಏಳನೆಯದರ ಕಡೆ ತಿರುಗಿದ. “ಇದನ್ನ ಹೂಳೋದೇ ಮರೆತ್ರಾ?”

“ಹೂತಿದ್ದೆ. ಎಲ್ಲದರ ಜೊತೆಗೇ.”

ಅವನು ಮುಂದೆ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಮುಟ್ಟಿರದಿದ್ದರೂ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಏಳನೆಯದು ನನ್ನ ತಂಗಿಯ ಹಿತ್ತಿಲಿನದು. ಹಿಂದೆ ಅಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ ಇತ್ತಂತೆ. ಕೆಡವಿ, ಮೇಲೆ ಕೆಂಪು ಮಣ್ಣು ಹರಡಿದ್ದಾರೆ. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಹಾಸಿಗೆ ಬಿಟ್ಟೇಳದಿದ್ದವಳು ಈಗ ಅಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆಯುತ್ತಿದ್ದಾಳೆ. ಶನಿವಾರ ನನ್ನ ಪ್ರದರ್ಶನ, ಸೋಮವಾರ ಅವಳ ಶಾಲೆ.

ಮಧ್ಯಾಹ್ನ ಅವಳು ಬಂದಳು. ಚಪ್ಪಲಿ ಬಿಟ್ಟವಳೇ ನೇರ ಬಟ್ಟೆಯ ಹತ್ತಿರ ಹೋದಳು.

“ಅಬ್ಬಾ, ಎಷ್ಟು ಚೆನ್ನಾಗಿ ಬಂದಿದೆ ನಮ್ದು! ಉಳಿದಿದ್ದೆಲ್ಲ ಇಲಿ ಕಡಿದ ಹಾಗಿದೆ ನೋಡು.”

“ಪುಟ್ಟೀ, ಒಳ್ಳೇ ಮಣ್ಣು ಬಟ್ಟೆ ತಿಂದ್ಬಿಡುತ್ತೆ ಕಣೇ. ನಿಂದು ತಿಂದಿಲ್ಲ.”

“ಹೊಟ್ಟೆ ತುಂಬಿತ್ತೇನೋ,” ಅಂದಳು. ನಗು ಅರ್ಧಕ್ಕೇ ನಿಂತಿತು.

ನನ್ನ ಕಣ್ಣು ಹೊಸಿಲ ಮೇಲಿತ್ತು. ದಿನವೂ ನೆಟ್ಟಗೆ ಹರಿಯುವ ಇರುವೆ ಸಾಲು ಅವಳ ಚಪ್ಪಲಿಯಿಂದ ಉದುರಿದ ಧೂಳಿನ ತನಕ ಬಂದು, ನಿಂತು, ದೂರದಿಂದ ಬಳಸಿಕೊಂಡು ಹೋಗುತ್ತಿತ್ತು.

“ನಾನು ಅಗೆಯೋಕೆ ಬಂದಾಗ ನಿನ್ನ ಹಿತ್ತಿಲಲ್ಲಿ ಒಂದು ಬಿಸ್ಕತ್ತು ಬಿದ್ದಿತ್ತಲ್ಲ, ಯಾವತ್ತಿಂದು?”

“ಪಕ್ಕದ್ಮನೆ ಮಗು ಬೀಳಿಸಿದ್ದು. ಹದಿನೈದು ದಿನ ಆಯ್ತೇನೋ.”

“ಹಾಗೇ ಇತ್ತು. ಒಂದು ಇರುವೆನೂ ಮುಟ್ಟಿರ್ಲಿಲ್ಲ.”

“ನಮ್ಮಲ್ಲಿ ಇರುವೇನೇ ಇಲ್ಲ ಅಕ್ಕಾ. ಹುಳ ಇಲ್ಲ, ಹುಪ್ಪಟೆ ಇಲ್ಲ. ತಾಯಂದಿರಿಗೂ ಅದನ್ನೇ ಹೇಳಿದೀನಿ...”

ಅವಳ ಮಾತು ಅವಳಿಗೇ ಕೇಳಿಸಿತು. ಸ್ಟೂಲು ಎಳೆದುಕೊಂಡು ಕುಳಿತಳು. ಹೊರಗೆ ಯಾರೋ ಕಬ್ಬಿಣದ ಬಾಗಿಲು ಎಳೆದು ಮುಚ್ಚಿದರು.

“ಒಂದು ತಿಂಗಳು ಮುಂದಕ್ಕೆ ಹಾಕು. ಮಣ್ಣು ಪರೀಕ್ಷೆ ಮಾಡಿಸೋಣ,” ಅಂದೆ.

“ಅಷ್ಟರಲ್ಲಿ ಅವರೆಲ್ಲ ಮಕ್ಕಳನ್ನ ಬೇರೆ ಕಡೆ ಸೇರಿಸಿರ್ತಾರೆ. ಬಟ್ಟೆ ಹಾಕು, ಬೇಡ ಅನ್ನಲ್ಲ. ಕೆಳಗಿನ ಚೀಟೀಲಿ ಜಾಗ ಮಾತ್ರ ಬರೀಬೇಡ. ಊರಾಚೆ ಅಂತ ಬರಿ.”

“ಮಕ್ಕಳು ಮಣ್ಣು ಬಾಯಿಗೆ ಹಾಕ್ಕೋತಾರೆ ಕಣೇ.”

“ನಾನು ನೋಡ್ಕೋತೀನಿ.”

“ಒಂಬತ್ತು ಮಕ್ಕಳನ್ನೂ?”

“ಅಕ್ಕಾ, ಬೆಳಗ್ಗೆ ಏಳೋಕೆ ಒಂದು ಕಾರಣ ಸಿಕ್ಕಿದೆ ನಂಗೆ. ಅದನ್ನ ನೀನೇ ಕಿತ್ಕೋಬೇಡ.”

ನಾನು ಬಟ್ಟೆಯನ್ನು ಮತ್ತೆ ನೀರಿಗದ್ದಿದೆ. ಅದನ್ನು ಅವಳು ತನಗೆ ಬೇಕಾದ ಹಾಗೆ ತೆಗೆದುಕೊಂಡಳು. ನನ್ನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ಹೊರಟುಹೋದಳು.

ನೆಲ ಒರೆಸಿದೆ. ಎರಡು ಸಲ ಒರೆಸಿದೆ. ಚೌಕಟ್ಟುಗಳ ಕೆಳಗೆ ಅಂಟಿಸುವ ಚೀಟಿಗಳನ್ನು ಮುಂದಿಟ್ಟುಕೊಂಡು ಕುಳಿತೆ. ಹನ್ನೊಂದು ಬರೆದು ಮುಗಿಯಿತು. ಉಳಿದ ಒಂದರ ಮೇಲೆ ಪೆನ್ನು ಹಿಡಿದಾಗ, ಅವಳು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದು ಕಂಡಂತಾಯಿತು. ಇನ್ನು ನನ್ನ ಜೊತೆ ಮಾತೇ ಆಡಲಾರಳು. ಕಂಡದ್ದನ್ನು ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ನೋಡಿದೆ.

ಪ್ರದರ್ಶನದ ಹಾಲ್‌ನಿಂದ ಬಡಗಿಯ ಫೋನ್ ಬಂತು. “ಮೇಡಂ, ಆ ಬಿಳೀ ಬಟ್ಟೆ ಚೌಕಟ್ಟು ಎಲ್ಲಿಗೆ? ಮೂಲೇಲಿ ಹಾಕ್ಲಾ?”

“ಬೇಡ. ಬಾಗಿಲಿಗೆ ಎದುರಾಗಿ ಹಾಕಿ.”

“ಅಲ್ಲೇ ಯಾಕೆ?”

“ಬೆಳಕು ಚೆನ್ನಾಗಿದೆ,” ಅಂದೆ.

ಫೋನ್ ಇಟ್ಟು, ಚೀಟಿಯ ಮೇಲೆ ತಂಗಿಯ ಬೀದಿಯನ್ನೂ ಮನೆಯ ಸಂಖ್ಯೆಯನ್ನೂ ದುಂಡಗೆ ಬರೆದೆ. ಶಾಯಿ ಆರುವ ತನಕ ಕಾದು, ಉಳಿದ ಚೀಟಿಗಳ ನಡುವೆ ಸೇರಿಸಿಟ್ಟೆ.