ದೊಡ್ಡ ಪರದೆಗೆ ಬಾರದ ಅಮ್ಮ

ತಂಗಿಗೆ ಅನುಮಾನ ಹುಟ್ಟಿದ್ದು, ಅಮ್ಮನ ವಿಡಿಯೋ ಹಾಕಿದಾಗ ಅಕ್ಕನ ಮನೆಯ ಟಿವಿಯಲ್ಲಿ ಮೂಡಿದ ಕಪ್ಪು ಚೌಕದಿಂದ. ಚೌಕದ ಹಿಂದೆ ಭಾವನ ದನಿ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು: "ಅತ್ತೆ, ನಿಮ್ಮ ಹೊಲಿಗೆ ಮಿಷನ್ನು ಯಾರಿಗೆ?" ಆಮೇಲೆ ಮಂಚ ಕಿರುಗುಟ್ಟಿದ ಸದ್ದು, ಅಕ್ಕನ ಬಿಕ್ಕಳಿಕೆ. ಅಷ್ಟೇ. ಲಕ್ವ ಹೊಡೆದ ಮೇಲೆ ತೀರಿಕೊಳ್ಳುವವರೆಗೂ ಅಮ್ಮನಿಗೆ ಮಾತು ಬಂದಿರಲಿಲ್ಲ. ಉತ್ತರವಿದ್ದದ್ದು ಅವಳ ಎಡಗೈಯಲ್ಲಿ, ಆ ಕೈಯೇ ಕಾಣುತ್ತಿರಲಿಲ್ಲ.

"ನನ್ನ ಕಡೆಗೇ ಬೆರಳು ತೋರಿಸಿದಳು ಕಣೆ," ಎನ್ನುತ್ತಿದ್ದಳು ಅಕ್ಕ.

ನಂಬುವುದಾದರೂ ಹೇಗೆ? ಅಕ್ಕನಿಗೆ ನೆಟ್ಟಗೆ ಒಂದು ಗುಂಡಿ ಹಾಕಲು ಬಾರದು. ತಂಗಿಯೋ, ಅಮ್ಮನ ಪಕ್ಕ ಕೂತು ಬಾಬಿನ್ನಿಗೆ ದಾರ ಸುತ್ತುತ್ತ ಬೆಳೆದವಳು, ಈಗಲೂ ಯಾರದೋ ಅಂಗಡಿಯಲ್ಲಿ ಯಾರದೋ ಮಿಷನ್ನು ತುಳಿಯುವವಳು. ಅಮ್ಮನ ಮಿಷನ್ನು ಬಂದರೆ ಮನೆಯಲ್ಲೇ ಕೂತು ಹೊಲಿದು ಬದುಕಬಹುದಿತ್ತು. ಅಮ್ಮ ಕೈಯೆತ್ತಿದ ದಿನ ಅವಳು ಅಂಗಡಿಯಲ್ಲಿದ್ದಳು.

ಭಾವ ಅದನ್ನು ತನ್ನ ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ದ. ಆ ಮೊಬೈಲು ಆಮೇಲೆ ಕೆಟ್ಟಿತು. ಕಂಪ್ಯೂಟರೋ, ಅವನ ಕಚೇರಿಯವರು ಸಾಕಪ್ಪಾ ಎಂದು ಕೈಬಿಟ್ಟಿದ್ದು. ಆನ್ ಮಾಡಿದರೆ ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತಿತ್ತು. ಒಳಕೋಣೆಯ ಮೂಲೆಯಲ್ಲಿತ್ತು. ಗಂಡಹೆಂಡಿರು ನೋಡುವುದು ಅಲ್ಲೇ, ಅದರ ಪುಟ್ಟ ಪರದೆಯಲ್ಲಿ. ಆದರೆ ನಾದಿನಿ ಬಂದಳೆಂದರೆ ಭಾವನಿಗೆ ಸಂಭ್ರಮ. ಮನೆಗೆ ಬಂದವಳನ್ನು ಮೂಲೆಯಲ್ಲಿ ಬಗ್ಗಿಸಿ ಕೂರಿಸುವುದೇ? ಉದ್ದನೆಯ ಕೇಬಲ್ ಎಳೆದು ನಡುಮನೆಯ ಟಿವಿಗೆ ಸಿಕ್ಕಿಸುತ್ತಿದ್ದ. ಚಿತ್ರ ಹಾಕುವ ಮುಂಚೆಯೇ ಅದರ ಕಿಟಕಿಯನ್ನು ಮೌಸಿನಿಂದ ಟಿವಿಯತ್ತ ಎಳೆದುಬಿಡುತ್ತಿದ್ದ. ಅಲ್ಲಿ ಮತ್ತದೇ ಕಪ್ಪು ಚೌಕ.

"ನಿನ್ನೆ ಕನ್ನಡಿ ಹಾಗೆ ಕಾಣ್ತಿತ್ತಮ್ಮ!" ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಒಮ್ಮೆ ವಿಡಿಯೋ ತೋರಿಸುವ ಪ್ಲೇಯರನ್ನೇ ತೆಗೆದು ಹೊಸದು ಹಾಕಿದ. ಒಮ್ಮೆ ಕೇಬಲ್ ಬದಲಿಸಿದ. ಇನ್ನೊಮ್ಮೆ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಧೂಳು ಊದಿ, ತಾನೇ ಸೀನಿದ. ಅವಳು ಹೋದ ಮೇಲೆ ಟಿವಿಯ ಕೇಬಲ್ ತೆಗೆದು ಪುಟ್ಟ ಪರದೆಯಲ್ಲಿ ಪರೀಕ್ಷೆ ಮಾಡಿದರೆ ಅತ್ತೆ ಲಕ್ಷಣವಾಗಿ ಕಾಣುತ್ತಿದ್ದರು. "ಸರಿಹೋಯ್ತು, ಬಾ," ಎಂದು ಫೋನು ಮಾಡುತ್ತಿದ್ದ. ಬಂದರೆ ಮತ್ತೆ ಕಪ್ಪು.

"ನೀನು ಬಂದಾಗಲೇ ಹೀಗಾಗುತ್ತಲ್ಲ, ನಿನ್ನ ಕಣ್ಣು ಎಂಥದ್ದೇ?" ಎಂದಳು ಅಕ್ಕ.

"ನನ್ನ ಕಣ್ಣಲ್ಲ ಅಕ್ಕ, ನಿಮ್ಮ ಕೈ. ಪ್ರತಿ ಕೊಡು, ಬೇರೆ ಕಡೆ ನೋಡ್ಕೋತೀನಿ."

"ಕೊಡಲ್ಲ. ಅಮ್ಮನ ಸೊಟ್ಟ ಬಾಯನ್ನ ನಿನ್ನ ಅಂಗಡಿಯವರೆಲ್ಲ ನೋಡೋದು ಬೇಡ."

"ಅಳಿಸಿಬಿಟ್ಟಿದ್ದರೆ ಹೇಳಿಬಿಡು."

"ಏನಂದೆ?" ಅಕ್ಕನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಎಂದುಕೊಂಡಳು ತಂಗಿ. ಕಾಮಾಲೆ ಕಣ್ಣಿಗೆ ಎಲ್ಲವೂ ಹಳದಿ. ಅಕ್ಕ ಕಾಫಿಗೆ ಸಕ್ಕರೆ ಹೆಚ್ಚು ಹಾಕಿದರೂ ಅದರಲ್ಲೊಂದು ಹುನ್ನಾರ ಕಂಡಿತು. ನೇರ ಚಿಕ್ಕಮ್ಮನ ಮನೆಗೆ ಹೋಗಿ, "ಮಿಷನ್ನಿನ ಆಸೆಗೆ ಅಮ್ಮನನ್ನೇ ಅಳಿಸಿಹಾಕಿದ್ದಾಳೆ," ಎಂದಳು. ಚಿಕ್ಕಮ್ಮನ ಕಿವಿಗೆ ಬಿದ್ದ ಮಾತು ನೆಂಟರ ಮನೆಗಳಿಗೆಲ್ಲ ತಾನೇ ನಡೆದುಕೊಂಡು ಹೋಯಿತು.

ಅಕ್ಕ ಮಾತು ಬಿಟ್ಟಳು.

ಒಂದು ರಜೆಯ ಬೆಳಿಗ್ಗೆ ತಂಗಿ ಹೇಳದೆ ಕೇಳದೆ ಬಂದಳು. ಕಳ್ಳರನ್ನು ಹಿಡಿಯುವುದಾದರೆ ಹೀಗೇ ಬರಬೇಕು ಎಂಬ ಲೆಕ್ಕ. ಬಾಗಿಲು ತೆರೆದಿತ್ತು. ಒಳಕೋಣೆಯಲ್ಲಿ ಇಬ್ಬರೂ ಮೂಲೆಗೆ ಬಗ್ಗಿ ಕೂತಿದ್ದರು. ಅವರ ಹೆಗಲ ನಡುವೆ, ಪುಟ್ಟ ಪರದೆಯಲ್ಲಿ, ದಿಂಬಿಗೊರಗಿದ ಅಮ್ಮ.

ತಂಗಿಯ ಕಾಲು ಹೊಸ್ತಿಲಲ್ಲೇ ನಿಂತಿತು. ಹಾಗಾದರೆ ಅಳಿಸಿಲ್ಲ. ಬಚ್ಚಿಟ್ಟಿದ್ದಾರೆ!

ಭಾವ ತಿರುಗಿ ನೋಡಿ ಎದ್ದೇಬಿಟ್ಟ. "ಬಾ ಬಾ! ಇವತ್ತು ಬರ್ತಾ ಇದೆ! ಇರು, ಕೂತ್ಕೋ, ದೊಡ್ಡದರಲ್ಲಿ ಹಾಕ್ತೀನಿ." ಚಿತ್ರವನ್ನು ತಡೆದು ನಿಲ್ಲಿಸಿ, ಕೇಬಲ್ ಸಿಕ್ಕಿಸಿ, ಕಿಟಕಿಯನ್ನು ಟಿವಿಯತ್ತ ಎಳೆದ. ತಂಗಿ ಬಾಗಿಲಲ್ಲಿ ನಿಂತು ಎರಡೂ ಪರದೆ ನೋಡುತ್ತಿದ್ದಳು. ಅಮ್ಮನ ಮುಖ ಪುಟ್ಟ ಪರದೆಯ ಅಂಚು ದಾಟಿತು, ಟಿವಿಯಲ್ಲಿ ಕಪ್ಪಾಯಿತು.

"ಭಾವ! ವಾಪಸ್ ಎಳೀರಿ."

ಎಳೆದ. ಅಮ್ಮ ಬಂದಳು. ಮತ್ತೆ ಆಚೆಗೆ ತಳ್ಳಿದ. ಹೋದಳು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಭಾವ ಹಣೆ ಬಡಿದುಕೊಂಡ. "ಚಿತ್ರ ಮೂಡಿಸೋ ಕಾರ್ಡು ಹಳೇದು ಕಣಮ್ಮ. ಒಂದು ಪರದೆಯ ಮೇಲಷ್ಟೇ ವಿಡಿಯೋ ತೋರಿಸೋಕೆ ಅದಕ್ಕೆ ಶಕ್ತಿ. ನೀನು ಬಂದಾಗ ಮಾತ್ರ ನಾನು ಟಿವಿ ಹಚ್ಚುತ್ತಿದ್ದೆ, ಅದಕ್ಕೇ..."

"ನಿಮ್ಮ ಉಪಚಾರಕ್ಕೆ ಬೆಂಕಿ ಹಾಕ," ಎಂದಳು ಅಕ್ಕ.

ಕೇಬಲ್ ಕಿತ್ತರು. ಮೂವರೂ ಮೂಲೆಯಲ್ಲಿ ತಲೆಗೆ ತಲೆ ತಾಗಿಸಿ ಬಗ್ಗಿದರು. ಭಾವನ ದನಿ ಕೇಳಿತು. ಅಮ್ಮ ಕಣ್ಣು ಮುಚ್ಚಿ ತೆರೆದಳು. ಎಡಗೈ ಹೊದಿಕೆಯಿಂದ ಈಚೆ ಬಂದು, ನಡುಗುತ್ತ ಎದ್ದು, ಪಕ್ಕದಲ್ಲಿ ಕೂತಿದ್ದ ಅಕ್ಕನ ಎದೆಗೆ ನೆಟ್ಟಗೆ ಬೆರಳು ಮಾಡಿತು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಅಮ್ಮ ಮತ್ತೊಮ್ಮೆ ಅವಳನ್ನೇ ತೋರಿಸಿದಳು.

ತಂಗಿ ಇನ್ನೊಮ್ಮೆ ಹಾಕಿಸಿದಳು. ಬೆರಳು ಬೇರೆಡೆ ತಿರುಗಲಿಲ್ಲ. ಯಾಕೆ ಅವಳಿಗೆ ಎಂದು ಕೇಳಲು ಅಮ್ಮ ಇರಲಿಲ್ಲ.

"ನಿಜ ಅಕ್ಕ. ನಿನಗೇ ಕೊಟ್ಟಿದ್ದಾಳೆ."

"ನನಗೆ ಗೊತ್ತಿತ್ತು. ಚಿಕ್ಕಮ್ಮನಿಗೆ?"

ತಂಗಿ ಮೊಬೈಲು ತೆಗೆದು ಚಿಕ್ಕಮ್ಮನ ನಂಬರು ಒತ್ತಿದಳು. ಆ ಕಡೆ ಗಂಟೆ ಹೊಡೆಯುತ್ತಿತ್ತು. ಅಕ್ಕ ಕೈ ಕಟ್ಟಿಕೊಂಡು ಅವಳ ಮುಖವನ್ನೇ ದಿಟ್ಟಿಸಿ ನಿಂತಿದ್ದಳು.

"ಸ್ಪೀಕರ್ ಹಾಕು," ಎಂದಳು. "ಏನು ಹೇಳ್ತೀಯೋ ನಾನೂ ಕೇಳ್ಬೇಕು."